ಅಯ್ಯನೋರ ಖಾನಾವಳಿಯ ನೀರು

ಬಳ್ಳಾರಿಯ ವಸ್ತು ಪ್ರದರ್ಶನಕ್ಕೆ ಹೋಗುವುದೆಂದು ನಿಶ್ಚಯವಾದಾಗ ಮನೆಯಲ್ಲಿ ಯಂತ್ರಗಳ ಬಗ್ಗೆ ಯಾರೂ ಏನೂ ಕೇಳಲಿಲ್ಲ. ಕುರುಗೋಡಿನಿಂದ ಬಂದಿಳಿದ ಸೋದರತ್ತೆ, ಕೈಚೀಲವನ್ನು ಕೆಳಗಿಡುವ ಮೊದಲೇ ಕೇಳಿದರು:

“ಉಂಬೋದು ಎಲ್ಲಿ?”

“ಅಲ್ಲೇ ಎಲ್ಲೆರ ಉಂಡರಾತು ತಗಿ ಅಕ್ಕಾ,” ಅಂದರು ಅಪ್ಪ.

“ಎಲ್ಲೆರ ಅನ್ನೋ ಊರು ನಾ ನೋಡಿಲ್ಲಪ. ಅಲ್ಲಿ ಅಡಿಗಿ ಮಾಡೋರು ಯಾರು?”

ಅಪ್ಪನಿಗೆ ಸಿರುಗುಪ್ಪದಲ್ಲಿ ಅಕ್ಕಿ ಗಿರಣಿ ಇತ್ತು. ಎಪ್ಪತ್ತರ ದಶಕದ ಕೊನೆಯ ವರ್ಷಗಳು ಅವು. ಸುಗ್ಗಿಯಲ್ಲಿ ಕರೂರು, ತೆಕ್ಕಲಕೋಟೆ ಕಡೆಯ ಭತ್ತದ ಬಂಡಿಗಳು ಗಿರಣಿಯ ಮುಂದೆ ಸಾಲುಗಟ್ಟುತ್ತಿದ್ದವು, ಹಳೆಯ ಯಂತ್ರ ಅರ್ಧ ಅಕ್ಕಿಯನ್ನು ನುಚ್ಚು ಮಾಡಿ ಕೊಡುತ್ತಿತ್ತು. ಪ್ರದರ್ಶನದಲ್ಲಿ ಹೊಸ ಯಂತ್ರ ಇಡುವ ದೂರದ ಕಂಪನಿಯವರು ಇಂಗ್ಲಿಷಿನಲ್ಲೇ ಮಾತಾಡುತ್ತಾರೆಂದು ಯಾರೋ ಹೇಳಿದ್ದರು. ನಾನು ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಮನೆಯಲ್ಲಿದ್ದೆ. ಹಾಗಾಗಿ ನಾನು ಹೋಗಬೇಕಾಯಿತು. ಮದುವೆಯಾಗದ ಹುಡುಗಿ ಗಂಡಸರ ಜಂಗುಳಿಯಲ್ಲಿ ಮೂರು ದಿನ ಒಬ್ಬಳೇ ಇರಬಾರದೆಂದು ಸೋದರತ್ತೆ ಜೊತೆಗೆ ಬರಬೇಕಾಯಿತು.

ಅತ್ತೆ ಅಪ್ಪನಿಗಿಂತ ಬಹಳ ದೊಡ್ಡವರು. ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮನನ್ನು ಸಾಕಿದವರೂ ಅವರೇ. ಗಂಡ ಹೋದಮೇಲೆ ಕುರುಗೋಡಿನ ಮನೆಯಲ್ಲಿ ಒಬ್ಬರೇ ಇದ್ದು, ಹೊಲದ ಪಾಲು ತಾವೇ ನೋಡಿಕೊಳ್ಳುತ್ತಿದ್ದರು. ತಮ್ಮ ಮನೆ ಬಿಟ್ಟರೆ ಅವರು ಉಣ್ಣುತ್ತಿದ್ದದ್ದು ಎರಡೇ ಕಡೆ: ನಂಟರ ಮನೆಯಲ್ಲಿ, ಇಲ್ಲವೆ ಅಯ್ಯನೋರ ಖಾನಾವಳಿಯಲ್ಲಿ. ಅಯ್ಯನೋರೆಂದರೆ ನಮ್ಮ ಜನಕ್ಕೆ ಗುರುಮನೆಯವರು, ಜಂಗಮರು. ಅವರ ಕೈಯಡಿಗೆಗೆ ಅತ್ತೆಯ ತಕರಾರಿರಲಿಲ್ಲ. ಎಲ್ಲಿ ಕುಳಿತರೂ ಉಣ್ಣುವ ಮೊದಲು ಕೈಕಾಲು ತೊಳೆದು, ವಿಭೂತಿ ಹಚ್ಚಿಕೊಂಡು, ಕೊರಳಲ್ಲಿನ ಲಿಂಗವನ್ನು ಎಡಗೈಯಲ್ಲಿಟ್ಟು ಪೂಜಿಸಿ, ಅದಕ್ಕೆ ತೋರಿಸಿದ ಮೇಲೆಯೇ ತುತ್ತು ಎತ್ತುತ್ತಿದ್ದರು.

ಹೊರಡುವ ಮುನ್ನಾದಿನ ಅಪ್ಪ ಒಂದು ಮಾತು ಹೇಳಿದರು. ಪ್ರದರ್ಶನದಲ್ಲಿ ಕಿಸೆಗಳ್ಳರು ಬಹಳ, ಹೆಂಗಸರ ಕೊರಳಿನ ಸರವನ್ನೂ ಬಿಡುವುದಿಲ್ಲ ಎಂದು. ಅತ್ತೆಯ ಲಿಂಗ ಒಂದು ಬೆಳ್ಳಿ ಕರಡಿಗೆಯಲ್ಲಿತ್ತು. ಲಿಂಬೆಹಣ್ಣಿನ ಗಾತ್ರದ, ಮುಚ್ಚಳ ತಿರುಗಿಸುವ ಭರಣಿ ಅದು. “ಕರಡಿಗಿ ಬ್ಯಾಡ ಅಕ್ಕಾ,” ಅಂದರು ಅಪ್ಪ. ಕಳ್ಳ ಬೆಳ್ಳಿಯ ಆಸೆಗೆ ದಾರ ಕತ್ತರಿಸಿದರೆ ಒಳಗಿನ ಲಿಂಗವೂ ಹೋಗುತ್ತದೆಂದು ಅತ್ತೆಯೂ ಹೆದರಿದರು. ಕರಡಿಗೆಯನ್ನು ನಮ್ಮ ದೇವರ ಜಗಲಿಯ ಮೇಲಿಟ್ಟು, ಲಿಂಗವನ್ನು ಬಿಳಿಯ ವಸ್ತ್ರದಲ್ಲಿ ಗಂಟು ಹಾಕಿ, ದಾರದಿಂದ ಕೊರಳಿಗೆ ಕಟ್ಟಿಕೊಂಡರು. ಹೊಲದ ಕೆಲಸಕ್ಕೆ ಹೋಗುವವರು ಹಾಗೆಯೇ ಕಟ್ಟಿಕೊಳ್ಳುವುದು. ಅದರಲ್ಲಿ ತಪ್ಪು ಹುಡುಕುವಂಥದ್ದೇನೂ ನನಗೆ ಕಾಣಲಿಲ್ಲ.

ಹೆದರಿಕೆ ನನಗೂ ಇತ್ತು, ಅದು ಬೇರೆ ತರಹದ್ದು. ಹಾಸ್ಟೆಲಿನ ಮೆಸ್ಸು ಬಿಟ್ಟರೆ ಹೊರಗೆ ಒಬ್ಬಳೇ ಕುಳಿತು ಉಂಡು ನನಗೆ ರೂಢಿಯಿರಲಿಲ್ಲ. ಪ್ರದರ್ಶನದ ಮೈದಾನದಲ್ಲಿ ತಿನ್ನುವುದಕ್ಕೇನೂ ಕಡಿಮೆಯಿರಲಿಲ್ಲ. ಬಾಗಿಲಲ್ಲೇ ಒಗ್ಗರಣೆ ಮಂಡಕ್ಕಿ, ಮಿರ್ಚಿ; ಪಂಪುಗಳ ಸಾಲಿನ ತುದಿಗೆ ಕಬ್ಬಿನ ಹಾಲು; ಟ್ರ್ಯಾಕ್ಟರುಗಳ ಹಿಂದೆ ಗೋಲಿ ಸೋಡಾ. ಎಲ್ಲ ಕಡೆಯೂ ನಿಂತೇ ತಿನ್ನಬೇಕು, ಸುತ್ತ ಗಂಡಸರು, ತಿನ್ನುವ ಹೆಂಗಸಿನ ಬಾಯಿಯನ್ನೇ ನೋಡುತ್ತಾರೆ. ರಸ್ತೆಯಾಚೆ ದೊಡ್ಡ ಹೋಟೆಲೊಂದಿತ್ತು. ಅದರ ಫ್ಯಾಮಿಲಿ ರೂಮಿಗೆ ಹಸಿರು ಪರದೆ. ಮೊದಲ ದಿನ ಅಪ್ಪ ಚಹಾಕ್ಕೆಂದು ನನ್ನನ್ನು ಅಲ್ಲಿ ಕೂರಿಸಿ, ಯಾರೋ ಕರೆದರೆಂದು ಹೊರಗೆ ಹೋದರು. ಮಾಣಿ ಪರದೆಯ ಅಂಚು ಎತ್ತಿ ನೋಡಿ, “ಫ್ಯಾಮಿಲಿ ಎಲ್ಲೈತ್ರಿ?” ಅಂದ. ನಾನು ಎದ್ದು ಬಂದುಬಿಟ್ಟೆ. ಇನ್ನು ನೀರು. ಆ ಮೈದಾನದಲ್ಲಿ ಹೆಂಗಸರಿಗೆಂದು ಒಂದು ಮರೆಯನ್ನೂ ಕಟ್ಟಿರಲಿಲ್ಲ. ಹಾಗಾಗಿ ನೀರನ್ನೇ ಕುಡಿಯದೆ ಇರುವುದು ನಾನು ಕಂಡುಕೊಂಡ ಉಪಾಯವಾಗಿತ್ತು.

ಅತ್ತೆಯ ವಿಷಯದಲ್ಲಿ ಆ ಉಪಾಯ ನಡೆಯುವಂತಿರಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ. ಸಿರುಗುಪ್ಪದ ಡಾಕ್ಟರು ಗುಳಿಗೆ ಕೊಟ್ಟಾಗ, ಅವರಿಗೆ ಹೇಳಿ ಪ್ರಯೋಜನವಿಲ್ಲವೆಂದು ನನ್ನನ್ನು ಪಕ್ಕಕ್ಕೆ ಕರೆದಿದ್ದರು. “ನೀನು ಓದಿದಾಕಿ, ಕೇಳಿಸಿಕೊ. ಈ ಗುಳಿಗಿ ನುಂಗಿದ ಮ್ಯಾಲೆ ಹೊಟ್ಟಿಗೆ ಅನ್ನ ಬೀಳಬೇಕು. ಬೀಳಲಿಲ್ಲ ಅಂದ್ರ ರಕ್ತದಾಗಿನ ಸಕ್ಕರಿ ಇಳೀತದ. ಬೆವರ್ತಾರ, ನಡುಗ್ತಾರ, ಮಾತು ತಪ್ತಾರ, ಆಮ್ಯಾಲೆ ಬೀಳ್ತಾರ. ಬಿದ್ದೋರು ಏಳದಂಗೂ ಆಗಬಹುದು.” ಆ ಕೊನೆಯ ವಾಕ್ಯವನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಮೊದಲ ದಿನ ಎಲ್ಲ ಸರಿಯಾಗಿಯೇ ನಡೆಯಿತು. ಮೈದಾನದ ಹಿಂದಿನ ಓಣಿಯಲ್ಲಿ ಅಯ್ಯನೋರ ಖಾನಾವಳಿಯನ್ನು ಅತ್ತೆ ತಾವೇ ವಿಚಾರಿಸಿ ಪತ್ತೆ ಮಾಡಿದ್ದರು. ತಗ್ಗು ಬಾಗಿಲು, ಮುಂದೆ ಗಂಡಸರ ಪಂಕ್ತಿ, ಅಡುಗೆಮನೆಗೆ ಅಂಟಿದ ಒಳಕೋಣೆಯಲ್ಲಿ ಹೆಂಗಸರಿಗೆ ಜಾಗ. ಕೈತೊಳೆಯಲು ಹಿತ್ತಲು, ಪೂಜೆಗೆ ಗೋಡೆ ಬದಿಗೆ ಒಂದು ಮಣೆ. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಮಜ್ಜಿಗೆ. ಪರದೆಯಿಲ್ಲದೆ, ಯಾರೂ ನೋಡದೆ, ನಾನು ಎರಡನೆಯ ಸಲ ರೊಟ್ಟಿ ಹಾಕಿಸಿಕೊಂಡೆ.

ಎರಡನೆಯ ದಿನ ಮಧ್ಯಾಹ್ನ ನಮ್ಮ ಮಳಿಗೆಯಲ್ಲೇ ಅತ್ತೆಗೆ ಗುಳಿಗೆ ಕೊಟ್ಟೆ. ಸಿರುಗುಪ್ಪದ ಗಿರಣಿಯವರೆಲ್ಲ ಸೇರಿ ಹಿಡಿದ ಮಳಿಗೆ ಅದು. ಬಾಯಿ ಮಡಿಚಿದ ಚೀಲಗಳಲ್ಲಿ ಅಕ್ಕಿಯ ಮಾದರಿಗಳಿದ್ದವು. ಅಪ್ಪ ಕಂಪನಿಯವನೊಬ್ಬನ ಜೊತೆ ಯಂತ್ರದ ಮುಂದೆ ನಿಂತಿದ್ದರು. ನಾವಿಬ್ಬರೂ ಜನರನ್ನು ಸರಿಸಿಕೊಂಡು ಬಾಗಿಲು ದಾಟಿ ಖಾನಾವಳಿಗೆ ನಡೆದೆವು. ಶಿವರಾತ್ರಿ ಕಳೆದಿತ್ತು, ಬಿಸಿಲು ಬಂಡೆಗುಡ್ಡದಿಂದ ವಾಪಸು ಬಂದು ಮುಖಕ್ಕೆ ಹೊಡೆಯುತ್ತಿತ್ತು.

ಎಲೆ ಹಾಕಿದರು. ಅತ್ತೆ ಕೈಕಾಲು ತೊಳೆದು ಬಂದು ಮಣೆಯ ಮೇಲೆ ಕುಳಿತು ವಿಭೂತಿ ಹಚ್ಚಿಕೊಂಡರು. ಸೆರಗಿನೊಳಗೆ ಕೈ ಹಾಕಿ ದಾರ ಎಳೆದರು. ದಾರದ ತುದಿಗೆ ವಸ್ತ್ರ ಬಂತು. ವಸ್ತ್ರದ ಗಂಟು ಬಿಚ್ಚಿತ್ತು, ಅದರಲ್ಲಿ ಏನೂ ಇರಲಿಲ್ಲ.

ಅವರು ಕೂಗಲಿಲ್ಲ. ವಸ್ತ್ರವನ್ನು ಎರಡೂ ಕೈಯಲ್ಲಿ ಹಿಡಿದು, ಒಳಗೆ ಹೊರಗೆ ತಿರುವಿ ನೋಡಿದರು. ರವಿಕೆ, ಸೆರಗು, ನೆರಿಗೆ ಎಲ್ಲ ಕೊಡವಿದರು. ಆಮೇಲೆ ತಣ್ಣಗೆ ಹೇಳಿದರು:

“ನನ್ನ ಎಲಿ ತಗೀರಿ.”

ಲಿಂಗ ಕಳೆದುಕೊಂಡವರು ಅದು ಸಿಗುವ ತನಕ, ಇಲ್ಲವೇ ಗುರು ಬೇರೆ ಲಿಂಗ ಕಟ್ಟುವ ತನಕ, ಅನ್ನ ನೀರು ಮುಟ್ಟುವಂತಿಲ್ಲ. ಚಿಕ್ಕಂದಿನಿಂದ ಕೇಳಿದ ಮಾತು ಅದು. ಯಾರಿಗೋ ಎಲ್ಲಿಯೋ ಆದದ್ದೆಂದು ಕೇಳಿದ್ದೆ, ಕಣ್ಣೆದುರು ಆಗಬಹುದೆಂದು ಎಂದೂ ಯೋಚಿಸಿರಲಿಲ್ಲ.

“ಅತ್ತಿ, ಗುಳಿಗಿ ನುಂಗೀರಿ,” ಅಂದೆ.

“ಅದ ನೆನಸ್ಕೊಂಡು ಎದಿ ಒಡೀತೈತಿ. ಗುಳಿಗಿ ಜೋಡಿ ನೀರು ಕುಡಿದೆನಲ್ಲ, ಆವಾಗ ಕೊಳ್ಳಾಗ ಲಿಂಗ ಇತ್ತೋ ಇಲ್ಲೋ?”

“ಎರಡು ತುತ್ತು ಉಣ್ರಿ. ಡಾಕ್ಟರ್ ಹೇಳ್ಯಾರ...”

“ಡಾಕ್ಟರ್ ನನಗ ಲಿಂಗ ಕಟ್ಯಾನೇನು? ಹೋಗು, ದಾರ್ಯಾಗ ನೋಡ್ಕೋತ ಹೋಗು. ಕಣ್ಣು ನೆಲದ ಮ್ಯಾಲಿರಲಿ.”

ಖಾನಾವಳಿಯ ಅಮ್ಮನವರು ರೊಟ್ಟಿ ಹಿಡಿದು ಬಂದವರು ಹಾಗೇ ನಿಂತುಬಿಟ್ಟರು. ಸುದ್ದಿ ಮುಂದಿನ ಪಂಕ್ತಿಗೆ ಹೋಯಿತು. ಬಾಗಿಲು ದಾಟುವಾಗ ಕಂಡದ್ದು ಈಗಲೂ ಕಣ್ಣ ಮುಂದಿದೆ: ಉಣ್ಣುತ್ತಿದ್ದ ಗಂಡಸರು ಬಲಗೈಯಲ್ಲಿ ತುತ್ತು ಹಿಡಿದುಕೊಂಡೇ ಎಡಗೈಯಲ್ಲಿ ತಮ್ಮ ತಮ್ಮ ಅಂಗಿಯ ಮೇಲೆ ಎದೆ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಓಣಿಯುದ್ದಕ್ಕೂ ಬಾಗಿಕೊಂಡು ನಡೆದೆ. ಶೇಂಗಾ ಸಿಪ್ಪೆ, ಬೀಡಿ ತುಂಡು, ಹರಿದ ಟಿಕೆಟ್ಟು, ಕಬ್ಬಿನ ಜಲ್ಲೆ. ಇಷ್ಟಲಿಂಗ ಕಪ್ಪಗಿರುತ್ತದೆ, ನುಣ್ಣಗಿರುತ್ತದೆ. ಆ ಬೀದಿಯಲ್ಲಿ ಕಪ್ಪಗಿದ್ದದ್ದೆಲ್ಲ ಎದೆ ಹಾರಿಸಿತು. ಒಮ್ಮೆ ಬಗ್ಗಿ ಎತ್ತಿಕೊಂಡದ್ದು ಆಡಿನ ಹಿಕ್ಕೆ, ಇನ್ನೊಮ್ಮೆ ಡಾಂಬರಿನ ಉಂಡೆ. ಒಂದು ಕಣ್ಣು ನೆಲದ ಮೇಲಿತ್ತು, ಮನಸ್ಸೆಲ್ಲ ಖಾನಾವಳಿಯ ಒಳಕೋಣೆಯಲ್ಲಿತ್ತು. ಕೈಯಲ್ಲಿ ಗಡಿಯಾರವಿದ್ದರೂ ಅದರ ಕಡೆ ನೋಡಲು ಧೈರ್ಯವಾಗಲಿಲ್ಲ.

ಅಪ್ಪ ಇನ್ನೂ ಕಂಪನಿಯವನ ಜೊತೆಗಿದ್ದರು. ಅವನ ಮುಂದೆ ಹೇಗೆ ಹೇಳುವುದೆಂದು ಅಂಥ ಹೊತ್ತಿನಲ್ಲೂ ಸಂಕೋಚವಾಯಿತು. “ಅಪ್ಪಾ, ಇತ್ತ ಬಾ,” ಎಂದು ತೋಳು ಹಿಡಿದು ಎಳೆದೆ. ನಾನು ಹಾಗೆಂದೂ ಅವರನ್ನು ಎಳೆದವಳಲ್ಲ. ಹೇಳಿದೆ.

“ಕರಡಿಗಿ ಬ್ಯಾಡ ಅಂದಾಂವ ನಾನ ಅಲ್ಲೇನು,” ಅಂದರು ಅಪ್ಪ. ಅಷ್ಟೇ. ಮರುಕ್ಷಣ ಅಕ್ಕಿಯ ಚೀಲಗಳ ನಡುವೆ ಮಂಡಿಯೂರಿ ಕುಳಿತು ನೆಲ ತಡಕಲು ಶುರುಮಾಡಿದರು. ಪಕ್ಕದ ಗಿರಣಿಯವರೂ ಬಗ್ಗಿದರು. ನಾನು ಮೈಕಿನ ತಗಡಿನ ಗೂಡಿಗೆ ಓಡಿದೆ.

ಮೈಕಿನವನು ಆ ದಿನಗಳ ಹೊಸ ಹಾಡುಗಳ ನಡುವೆ ಪಂಪುಗಳ ಗುಣಗಾನ ಮಾಡುತ್ತಿದ್ದ. “ಏನ್ ಕಳದೈತಿ ತಾಯಿ? ಮಗು ಏನ್ರಿ?”

“ಲಿಂಗ. ವಸ್ತ್ರದಿಂದ ಜಾರೈತಿ.”

“ಬೆಳ್ಳಿ ಕರಡಿಗಿ ಐತೇನ್ರಿ?”

“ಇಲ್ಲ. ಬರೇ ಲಿಂಗ. ಕರ್ರಗ, ಇಷ್ಟ ಗಾತ್ರ.”

“ಬೆಳ್ಳಿ ಇದ್ದಿದ್ರ ಕಳ್ಳರ ಹತ್ರಾದ್ರೂ ಸಿಗ್ತಿತ್ತು ನೋಡ್ರಿ. ಬಳ್ಳಾರಿಯಾಗ ಕರಿ ಕಲ್ಲು ಹುಡಿಕ್ರಿ ಅಂದ್ರ ಯಾವ ಗುಡ್ಡದಿಂದ ಸುರು ಮಾಡ್ಲಿ?” ಅಂದವನು ನನ್ನ ಮುಖ ನೋಡಿ ನಗು ನುಂಗಿಕೊಂಡ. “ತಪ್ಪಾತವ್ವ. ಈಗ ಹೇಳ್ತೀನಿ.”

ಹಾಡು ನಿಂತಿತು. ಒಬ್ಬ ತಾಯಿಯ ಲಿಂಗ ಕಳೆದಿದೆ, ಅವರು ನೀರು ಸಹ ಮುಟ್ಟದೆ ಕುಳಿತಿದ್ದಾರೆ, ಎಲ್ಲರೂ ಕಾಲ ಕೆಳಗೆ ನೋಡಿ ಎಂದು ಅವನು ಕನ್ನಡದಲ್ಲೂ ತೆಲುಗಿನಲ್ಲೂ ಹೇಳಿದ. ಮೈದಾನದ ಗದ್ದಲ ತಟ್ಟನೆ ತಗ್ಗಿತು. ಸಾವಿರ ತಲೆಗಳು ಬಗ್ಗಿದ್ದನ್ನು ನೋಡಿದಾಗ ನನಗೆ ಭರವಸೆ ಬರಬೇಕಿತ್ತು. ಬರಲಿಲ್ಲ. ಅಷ್ಟು ಕಾಲುಗಳು ಓಡಾಡಿದ ಮಣ್ಣಿನಲ್ಲಿ ಅದು ಸಿಗುವುದಿಲ್ಲವೆಂದು ಆಗಲೇ ಗೊತ್ತಾಯಿತು.

ಅಪ್ಪನಿಗೆ, “ನೀ ಹುಡುಕ್ತಾ ಇರು, ನಾ ಅತ್ತಿ ಕಡೆ ಹೋಗ್ತೀನಿ,” ಎಂದು ಹೇಳಿ ವಾಪಸು ಓಡಿದೆ.

ಒಳಕೋಣೆಯಲ್ಲಿ ಅತ್ತೆ ಗೋಡೆಗೆ ಒರಗಿದ್ದರು. ಹಣೆಯ ವಿಭೂತಿ ಬೆವರಿಗೆ ನೆನೆದು ಬೂದುಬಣ್ಣಕ್ಕೆ ತಿರುಗಿತ್ತು. ಕುತ್ತಿಗೆ ಒದ್ದೆ, ಬೆರಳುಗಳು ಸೀರೆಯ ಅಂಚನ್ನು ಹಿಡಿಯಲಾರದೆ ಅದುರುತ್ತಿದ್ದವು. ನನ್ನನ್ನು ನೋಡಿ, “ಯವ್ವಾ, ತಮ್ಮ ಉಂಡನೇನು?” ಅಂದರು. ತಮ್ಮ ಅಂದರೆ ನನ್ನ ಅಪ್ಪ. ‘ಯವ್ವಾ’ ಎಂದದ್ದು ನನ್ನನ್ನಲ್ಲ, ಯಾವತ್ತೋ ಹೋದ ಅವರ ತಾಯಿಯನ್ನು. ಡಾಕ್ಟರು ಹೇಳಿದ ಪ್ರತಿಯೊಂದೂ ಅವರು ಹೇಳಿದ ಕ್ರಮದಲ್ಲೇ ಬರುತ್ತಿತ್ತು. ಮಾತು ತಪ್ಪುವುದು ಬಂದಾಯಿತು. ಅದಾದ ಮೇಲೆ ಬರುವುದು ಏನೆಂದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಖಾನಾವಳಿಯ ಅಯ್ಯನವರು ಬಾಗಿಲಲ್ಲಿ ನಿಂತಿದ್ದರು. ಐವತ್ತು ದಾಟಿದ ಬೊಜ್ಜಿನ ಮನುಷ್ಯ, ಹೆಗಲ ಮೇಲೆ ಕೈ ಒರೆಸುವ ಬಟ್ಟೆ. “ಟಾಂಗಾ ತರಸ್ತೀನವ್ವ, ದವಾಖಾನಿಗೆ ಒಯ್ಯೂಣು. ಅಲ್ಲಿ ಸೂಜಿಲೆ ಏರಸ್ತಾರ,” ಅಂದರು.

ಅಷ್ಟು ಹೊತ್ತು ಮಂಪರಿನಲ್ಲಿದ್ದ ಅತ್ತೆಗೆ ಆ ಮಾತು ಮಾತ್ರ ಸ್ಪಷ್ಟವಾಗಿ ಕೇಳಿತು. “ಸೂಜಿಲೆ ಏರಿಸಿದ್ರೂ ಕುಡಿಸಿದಂಗ. ನನ್ನ ಮೈಯಾಗ ಬ್ಯಾಡ.”

ನಾನು ಲೋಟದಲ್ಲಿ ಸಕ್ಕರೆ ನೀರು ತಂದು ತುಟಿಗೆ ಹಿಡಿದೆ. ಅವರು ಹಲ್ಲು ಕಚ್ಚಿದರು. ನೀರೆಲ್ಲ ಗಲ್ಲದಿಂದ ಇಳಿದು ಕುಪ್ಪಸ ನೆನೆಯಿತು. ಬಲವಂತವಾಗಿ ಬಾಯಿ ಬಿಡಿಸಬಹುದಿತ್ತು. ನನ್ನ ಕೈ ಮುಂದೆ ಹೋಗಲಿಲ್ಲ. ಉಸಿರಿಗೆ ನೀರು ಹೋದರೆ ಎಂಬ ಭಯ ಒಂದು. ಎಚ್ಚರವಾದ ಮೇಲೆ ಅವರು ನನ್ನನ್ನು ನೋಡುವ ನೋಟದ ಭಯ ಇನ್ನೊಂದು.

ಆಗ ನನಗೆ ನೆನಪಾದದ್ದು ಶ್ರಾವಣ ಮಾಸ. ಮನೆಗೆ ಅಯ್ಯನವರು ಬರುತ್ತಿದ್ದರು, ಮಣೆಯ ಮೇಲೆ ಕೂರಿಸಿ ಪಾದ ತೊಳೆಯುತ್ತಿದ್ದರು, ಆ ನೀರನ್ನು ಬಟ್ಟಲಲ್ಲಿ ಹಿಡಿದು ಎಲ್ಲರಿಗೂ ಕೊಡುತ್ತಿದ್ದರು. ಅದನ್ನು ಯಾರೂ ನೀರು ಎನ್ನುತ್ತಿರಲಿಲ್ಲ. ಪಾದೋದಕ ಎನ್ನುತ್ತಿದ್ದರು.

“ಅಯ್ಯನೋರೇ, ನೀವು ಪಾದೋದಕ ಕೊಡ್ರಿ.”

ಪರಿಚಯವಿಲ್ಲದ ಗಂಡಸಿನ ಎದುರು ನನ್ನ ದನಿ ಅಷ್ಟು ದೊಡ್ಡದಾದದ್ದು ಅದೇ ಮೊದಲು. ಮುಂದಿನ ಪಂಕ್ತಿಯೂ ಸದ್ದಡಗಿಸಿ ಕೇಳುತ್ತಿತ್ತು.

ಅವರು ಎರಡು ಹೆಜ್ಜೆ ಹಿಂದೆ ಸರಿದರು. “ನಾ ಅಡಿಗಿ ಅಯ್ಯ ಅದೀನವ್ವ, ಮಠದ ಅಯ್ಯ ಅಲ್ಲ. ಲಿಂಗ ಇಲ್ಲದೋರಿಗೆ ಪಾದೋದಕ ಕೊಟ್ಟು ಆ ಪಾಪ ನನ್ನ ತಲಿಗ್ಯಾಕ?”

ಒಲೆಯ ಮುಂದಿನಿಂದ ಅವರ ಹೆಂಡತಿ ಎದ್ದು ಬಂದರು. “ಶ್ರಾವಣದ ಸೋಮಾರ ಬಂದ್ರ ಮನಿಮನಿಗೆ ಹೋಗಿ ಕಾಲು ಚಾಚ್ತೀರಲ್ಲ, ಆವಾಗ ಅಡಿಗಿ ಅಯ್ಯ ಅಲ್ಲೇನು? ಕಾಯಿ, ದಕ್ಷಿಣಿ ತರೂ ಮುಂದ ಜಂಗಮ, ಈಗ ಅಡಿಗ್ಯಾಂವ?”

“ನೀ ಸುಮ್ಕಿರ.”

“ಸುಮ್ಕಿದ್ರ ಈ ಮುದುಕಿ ನಿಮ್ಮ ಪಂಕ್ತ್ಯಾಗ ಪ್ರಾಣ ಬಿಡ್ತಾಳ. ಅದ್ಯಾರ ತಲಿಗೆ? ಕುಂದರ್ರಿ ಮಣಿ ಮ್ಯಾಲೆ.”

ಅವರು ಕುಳಿತರು. ಅಮ್ಮನವರು ಒಳಗೆ ಹೋಗಿ ಹಿತ್ತಾಳೆಯ ತಂಬಿಗೆ ತಂದರು. ತರುವ ಮೊದಲು ಅಡುಗೆಮನೆಯಲ್ಲಿ ಚಮಚ ತಂಬಿಗೆಗೆ ಬಡಿಯುವ ಸದ್ದು ಬಹಳ ಹೊತ್ತು ಕೇಳಿಸಿತು. ನಾನು ಹೇಳಿರಲಿಲ್ಲ. ಸಕ್ಕರೆ ನೀರು ಕುಡಿಸಲು ನಾನು ಹೆಣಗಿದ್ದನ್ನು ಅವರು ನೋಡಿದ್ದರು, ಅರ್ಥ ಮಾಡಿಕೊಂಡಿದ್ದರು.

ಅಯ್ಯನವರು ಮಣೆಯ ಮೇಲೆ ಕೂರುವ ಮೊದಲೇ ಹಿತ್ತಲಿಗೆ ಹೋಗಿ ಕಾಲನ್ನು ಉಜ್ಜಿ ತೊಳೆದು ಬಂದಿದ್ದರು. ಆದರೂ ಅದು ಒಲೆಯ ಮುಂದೆ ದಿನವಿಡೀ ನಿಲ್ಲುವ ಮನುಷ್ಯನ ಪಾದ, ಹಿಮ್ಮಡಿ ಬಿರಿದಿತ್ತು. ಪ್ರಯೋಗಾಲಯದಲ್ಲಿ ಒಂದು ಹನಿ ನೀರನ್ನೂ ಶುದ್ಧವೋ ಅಲ್ಲವೋ ಎಂದು ನೋಡಿ ಬಳಸುತ್ತಿದ್ದವಳು ನಾನು. ನಾನೇ ತಂಬಿಗೆ ಬಗ್ಗಿಸಿ ಆ ಹೆಬ್ಬೆರಳ ಮೇಲೆ ನೀರು ಬಿಟ್ಟೆ, ನಾನೇ ಬಟ್ಟಲಲ್ಲಿ ಹಿಡಿದೆ. ಅರ್ಧ ನೆಲಕ್ಕೆ ಹೋಯಿತು. ಅವರು ಕಣ್ಣು ಮುಚ್ಚಿ ಮಂತ್ರ ಹೇಳುತ್ತಿದ್ದರು.

ಬಟ್ಟಲನ್ನು ಹತ್ತಿರ ತಂದಾಗ ಅತ್ತೆ ಕಷ್ಟಪಟ್ಟು ಕಣ್ಣು ತೆರೆದರು.

“ಲಿಂಗ ಇಲ್ಲದ ಬಾಯಿಗೆ ಇದು ನಡೀತೈತೇನ್ರಿ ಅಪ್ಪಾರೆ?”

“ಲಿಂಗ ಜಾರೈತಿ ತಾಯಿ. ಜಂಗಮ ಇಲ್ಲೇ ಕುಂತೀನಿ, ನಾ ಎಲ್ಲೂ ಜಾರಿಲ್ಲ.”

“ಮತ್ತ ಒಳಗ ಚಮಚದ ಸಪ್ಪಳಾತಲ್ಲ. ನೀರಿನಾಗ ಏನ್ ಹಾಕೀರಿ?”

ಅಮ್ಮನವರು ಗಂಡನ ಮುಖ ನೋಡಿದರು. ನಾನು ನಿಜ ಹೇಳಲು ಬಾಯಿ ತೆರೆದವಳು ಮತ್ತೆ ಮುಚ್ಚಿಕೊಂಡೆ. ಆ ಬಟ್ಟಲನ್ನೂ ಅವರು ತಳ್ಳಿಬಿಟ್ಟರೆ ಆಮೇಲೆ ಉಳಿದ ದಾರಿ ಒಂದೂ ಇರಲಿಲ್ಲ.

“ಏನೂ ಹಾಕಿಲ್ರಿ,” ಅಂದರು ಅಯ್ಯನವರು. “ನಮ್ಮ ಹಿತ್ತಲದ ಬಾವಿ ನೀರದು. ಸಿಹಿನೀರು.”

ಬಳ್ಳಾರಿಯಲ್ಲಿ ಬಾವಿಯ ನೀರು ಎಂಥದೆಂದು ಎಲ್ಲರಿಗೂ ಗೊತ್ತು. ಅರ್ಧ ಊರಿನ ಬಾವಿಗಳಲ್ಲಿ ಬೇಳೆ ಬೇಯುವುದಿಲ್ಲ, ಸೋಪಿನ ನೊರೆ ಏಳುವುದಿಲ್ಲ. ಉಪ್ಪಿಲ್ಲದ ಬಾವಿ ಸಿಕ್ಕರೆ ಜನ ಅದನ್ನು ಸಿಹಿನೀರಿನ ಬಾವಿ ಎಂದೇ ಕರೆಯುತ್ತಾರೆ. ಸಿಹಿ ಎಂದರೆ ಸಕ್ಕರೆಯೆಂದಲ್ಲ, ಉಪ್ಪಿಲ್ಲವೆಂದು.

ಅತ್ತೆ ಬಟ್ಟಲಿಗೆ ತುಟಿ ತಾಗಿಸಿದರು. ನಾಲಿಗೆಗೆ ತಾಗಿದ್ದು ಅವರಿಗೆ ಗೊತ್ತಾಗಿಯೇ ಆಗಿತ್ತು. ಸಕ್ಕರೆ ಬಿಟ್ಟು ಎಷ್ಟೋ ವರ್ಷಗಳಾಗಿದ್ದ ನಾಲಿಗೆ ಅದು. ನನ್ನ ಕಡೆ ನೋಡಿದರು, ಅಯ್ಯನವರ ಕಡೆ ನೋಡಿದರು.

“ಹೌದು. ಸಿಹಿನೀರ ಐತಿ,” ಅಂದರು ಅತ್ತೆ. “ಇನ್ನೊಂದೀಟು ಬಿಡ್ರಿ.”

ಇನ್ನೂ ಎರಡು ಬಟ್ಟಲು ಕುಡಿದರು. ಬೆವರು ಒಮ್ಮೆಲೆ ನಿಲ್ಲಲಿಲ್ಲ. ನಾನು ಅವರ ಮಣಿಕಟ್ಟು ಹಿಡಿದು ಕುಳಿತೆ. ಬೆರಳುಗಳ ನಡುಕ ನಿಧಾನವಾಗಿ ತಗ್ಗಿತು, ಕಣ್ಣು ನೆಟ್ಟಗಾಯಿತು. “ಯಾಕ ಲೇ, ನನ್ನ ಕೈ ಮುರೀತೀಯೇನು?” ಎಂದು ಅವರು ಅಂದಾಗ ನನ್ನ ಹಿಡಿತ ಸಡಿಲಿಸಿದೆ. ಮೂಲೆಯಲ್ಲಿ ಅಮ್ಮನವರು ಗಂಡನಿಗೆ, “ಕಾಲು ತೊಳಕೊಂಡು ಬರ್ರಿ, ಇರುವಿ ಮುಕರ್ತಾವು,” ಅನ್ನುತ್ತಿದ್ದರು. ಅಯ್ಯನವರು ಸರ್ರನೆ ಹಿತ್ತಲಿಗೆ ಹೋದರು.

ಆದರೆ ಊ‌ಟ ಮಾತ್ರ ಇಲ್ಲವೆಂದರು ಅತ್ತೆ. ಕುರುಗೋಡಿನ ತಮ್ಮ ಮಠದ ಗುರುಗಳು ಲಿಂಗ ಕಟ್ಟಿದ ಮೇಲೆಯೇ. ಮೊದಲ ಬಸ್ಸಿಗೆ ಹೊರಡಬೇಕೆಂದು ಎದ್ದೇ ನಿಂತರು. ಸಕ್ಕರೆ ನೀರು ಎಷ್ಟು ಹೊತ್ತು ಹಿಡಿಯುತ್ತದೆಂದು ನನಗೆ ಗೊತ್ತಿರಲಿಲ್ಲ. ಗುಳಿಗೆ ಅದಕ್ಕಿಂತ ಹೆಚ್ಚು ಹೊತ್ತು ಕೆಲಸ ಮಾಡುತ್ತದೆಂದು ಮಾತ್ರ ಗೊತ್ತಿತ್ತು. ಅಯ್ಯನವರು ಮತ್ತೊಮ್ಮೆ ಮಣೆಯ ಮೇಲೆ ಕುಳಿತರು. ಅಮ್ಮನವರು ತೊಳೆದ ಸೀಸೆಯೊಂದರ ತುಂಬ ಪಾದೋದಕ ಹಿಡಿದು ಬಿರಡೆ ಒತ್ತಿ ನನ್ನ ಕೈಗಿಟ್ಟರು. ಅಪ್ಪನಿಗೆ ಸುದ್ದಿ ಮುಟ್ಟಿಸುವುದಾಗಿ ಹೇಳಿದರು.

ಬಸ್ಸಿನಲ್ಲಿ ಅತ್ತೆ ಕಿಟಕಿಗೆ ಒರಗಿ ಕಣ್ಣು ಮುಚ್ಚಿದರು. ನಿದ್ದೆಯೋ ಬೇರೆಯೋ ಎಂದು ತಿಳಿಯದೆ ಮತ್ತೆ ಮತ್ತೆ ಮಾತಾಡಿಸಿದೆ. ಈ ವರ್ಷ ಶೇಂಗಾ ಎಷ್ಟು ಬಂತು, ಎಮ್ಮೆ ಯಾವಾಗ ಈಯುತ್ತದೆ, ಕೇಳಲು ಏನೂ ಉಳಿಯದಾದಾಗ ಕೇಳಿದ್ದನ್ನೇ ಕೇಳಿದೆ. ಉತ್ತರ ತಡವಾದಾಗಲೆಲ್ಲ ಸೀಸೆಯ ಬಿರಡೆ ತೆಗೆದು ಒಂದು ಗುಟುಕು ಕುಡಿಸಿದೆ. ಎದುರಿನ ಸೀಟಿನ ಹೆಂಗಸು, “ಮದ್ದೇನವ್ವ?” ಎಂದಳು. ಅತ್ತೆ ಕಣ್ಣು ತೆರೆಯದೆಯೇ, “ಸಿಹಿನೀರು,” ಅಂದರು. ಒಂದು ಹಳ್ಳಿಯ ಬಳಿ ಬಸ್ಸು ಕೆಟ್ಟು ನಿಂತಿತು. ಡ್ರೈವರು ಬಾನೆಟ್ಟಿನೊಳಗೆ ತಲೆ ಹಾಕಿದಾಗ ಸೀಸೆಯಲ್ಲಿ ಉಳಿದದ್ದು ಎರಡು ಬೆರಳಷ್ಟು. ನಾನು ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದೆ. ಪಾದೋದಕಕ್ಕೆ ಬೇರೆ ನೀರು ಬೆರೆಸಿದರೆ ಅತ್ತೆಗೆ ಗೊತ್ತಾಗುತ್ತದೆಯೇ ಎಂದು ಯೋಚಿಸಿದೆ. ಬೆರೆಸಲು ಸಕ್ಕರೆಯೂ ಇರಲಿಲ್ಲ. ಬಸ್ಸು ಹೊರಟಾಗ ಪ್ರಯಾಣಿಕರೆಲ್ಲ ಮಾತಾಡುತ್ತಿದ್ದರು, ನನ್ನ ಕಿವಿಗೆ ಎಂಜಿನಿನ ಸದ್ದು ಬಿಟ್ಟು ಬೇರೇನೂ ಬೀಳಲಿಲ್ಲ.

ಕುರುಗೋಡಿನಲ್ಲಿ ಇಳಿದಾಗ ಬಿಸಿಲು ಇಳಿಯುತ್ತಿತ್ತು. ಮಠದವರೆಗೆ ಅತ್ತೆಯ ಭಾರವೆಲ್ಲ ನನ್ನ ಹೆಗಲ ಮೇಲಿತ್ತು. ಗುರುಗಳು ಹಿರಿಯರು, ಹಗ್ಗದ ಮಂಚದ ಮೇಲೆ ಕುಳಿತಿದ್ದರು. ವಿಷಯ ಕೇಳಿ ಏನನ್ನೂ ವಿಚಾರಿಸಲಿಲ್ಲ. ಅತ್ತೆಯನ್ನು ಕೂರಿಸಿ, ಒಳಗಿನಿಂದ ಲಿಂಗ ತರಿಸಿ, ಪೂಜೆ ಮುಗಿಸಿ ಕೊರಳಿಗೆ ಕಟ್ಟಿದರು. ಅತ್ತೆ ಅದನ್ನು ಎಡಗೈಯಲ್ಲಿ ಹಿಡಿದು ಬಹಳ ಹೊತ್ತು ತಲೆ ಬಾಗಿಸಿ ಕುಳಿತರು. ಬೇಗ ಆಗಲಿ, ಬೇಗ ಆಗಲಿ ಎಂದು ನಾನು ಒಳಗೊಳಗೇ ಹೇಳಿಕೊಳ್ಳುತ್ತಿದ್ದೆ. ಅದು ಪ್ರಾರ್ಥನೆಯೋ ಸಿಟ್ಟೋ ಈಗಲೂ ಹೇಳಲಾರೆ. ಆಮೇಲೆ ಪ್ರಸಾದವೆಂದು ಇಬ್ಬರಿಗೂ ಎಲೆ ಹಾಕಿದರು. ರೊಟ್ಟಿ, ಬೇಳೆ, ಬೆಲ್ಲದ ತುಂಡು.

ಅತ್ತೆ ರೊಟ್ಟಿ ಮುರಿದರು. ತುತ್ತು ಬಾಯಿಗೆ ಹೋಯಿತು, ದವಡೆ ಆಡಿತು, ಗಂಟಲಿನಲ್ಲಿ ಇಳಿಯಿತು. ನಾನು ಅಷ್ಟನ್ನೂ ನೋಡಿದೆ. ಎರಡನೆಯ ತುತ್ತು. ಮೂರನೆಯದು. ಮುಂಜಾನೆಯಿಂದ ನಾನೂ ಉಂಡಿರಲಿಲ್ಲ. ರೊಟ್ಟಿ ಹಿಡಿದ ನನ್ನ ಕೈ ಎಲೆಯಿಂದ ಮೇಲೇಳಲಿಲ್ಲ. ಬೆರಳುಗಳು ಅದುರುತ್ತಿದ್ದವು, ನಿಲ್ಲಿಸಲು ಆಗಲಿಲ್ಲ.

ಅತ್ತೆ ಉಣ್ಣುವುದನ್ನು ನಿಲ್ಲಿಸಿ ನನ್ನ ಕೈಯನ್ನು ನೋಡಿದರು.

“ಯಾಕ, ಗುಳಿಗಿ ನೀನೂ ನುಂಗಿದ್ದೇನು?”

ನಗಲು ಹೋದೆ, ಬಂದದ್ದು ಅಳು. ಧಾರವಾಡಕ್ಕೆ ಹೋದಾಗಿನಿಂದ ಮನೆಯವರೆದುರು ನಾನು ಅತ್ತಿರಲಿಲ್ಲ. ಅವರು ಸಮಾಧಾನ ಹೇಳಲಿಲ್ಲ. ತಮ್ಮ ಎಲೆಯ ಬೆಲ್ಲವನ್ನು ನನ್ನ ಎಲೆಗೆ ಸರಿಸಿ, “ನನಗಿದು ನಡಿಯಂಗಿಲ್ಲ, ಸಕ್ಕರಿ ಜಡ್ಡು ಐತಿ,” ಅಂದರು. “ಉಣ್ಣು. ನೀ ಉಣ್ಣೂತನ ನಾ ಏಳೂದಿಲ್ಲ.”